ಕಂಪ್ಯೂಟರಿಗೆ ಟ್ಯಾಬ್ ಜೋಡಿಸಲು: ವೈಫೈ ಡಾಂಗಲ್, ಯುಎಸ್‌ಬಿ ಕೇಬಲ್, ಲ್ಯಾನ್ ಕೇಬಲ್

ಕಂಪ್ಯೂಟರನ್ನು ರೌಟರಿಗೆ ಜೋಡಿಸುವ ಹತ್ತು ಮೀಟರ್ ಲ್ಯಾನ್ ಕೇಬಲನ್ನು ಮೊದಲೇ ಕೊಂಡಿದ್ದರೆ, ಕಂಪ್ಯೂಟರಿಗೆ ವೈಫೈ ಕೊಡುವ ಡಾಂಗಲ್‌ಗೆ ಸುರಿದ ಹಣವೂ ಎರಡು ತಿಂಗಳ ನೆಮ್ಮದಿಯೂ ನನಗೆ ಉಳಿಯುತ್ತಿದ್ದವು. ನಾನು ಮನೆಯಲ್ಲಿಯೇ ಕುಳಿತು ಪುಸ್ತಕಗಳ ಕರಡು ತಿದ್ದುತ್ತೇನೆ. ವೈಫೈ ಇಲ್ಲದ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಪುಟ ತೆರೆದಿರುತ್ತದೆ, ಪಕ್ಕದ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಹಸ್ತಪ್ರತಿಯ ಸ್ಕ್ಯಾನ್ ಇರುತ್ತದೆ. ಟ್ಯಾಬನ್ನು ಎರಡನೆಯ ಪರದೆಯಾಗಿಸಲು ಸ್ಪೇಸ್‌ಡೆಸ್ಕ್ ಬಳಸುತ್ತೇನೆ. ಮೂರು ಪ್ರಯೋಗಗಳಲ್ಲಿಯೂ ತಂತ್ರಾಂಶ ಅದೇ. ಬದಲಾದದ್ದು ಚಿತ್ರ ಸಾಗುವ ದಾರಿ ಮಾತ್ರ.

ಮೊದಲು ಕೊಂಡದ್ದು 450 ರೂಪಾಯಿಯ, ಉಗುರಿನಷ್ಟು ಗಾತ್ರದ ಡಾಂಗಲ್. 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಬ್ಯಾಂಡ್ (ರೇಡಿಯೊ ಅಲೆಗಳ ಪಟ್ಟಿ) ಅದಕ್ಕೆ ಗೊತ್ತಿಲ್ಲ. ಎರಡನೆಯ ದಿನದಿಂದಲೇ ಟ್ಯಾಬ್‌ನ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿತು. ಸಂಪರ್ಕ ಕಡಿಯುವ ಮುನ್ನ ಚಿತ್ರ ಮಸುಕಾಗುತ್ತಿತ್ತು. ನನಗೆ ಅದೇ ಹೆಚ್ಚಿನ ಸಂಕಟ. ‘ಅರ್ಥ’ವನ್ನು ‘ಅರ್ಧ’ದಿಂದ ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಆ ಚುಕ್ಕಿ ಕಾಣದಿದ್ದರೆ ಎರಡನೆಯ ಪರದೆ ಇದ್ದೂ ಇಲ್ಲದಂತೆ.

ರೌಟರನ್ನು ಆರಿಸಿ ಹಚ್ಚಿದೆ. ಡಾಂಗಲನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ವಿದ್ಯುತ್ ಉಳಿಸಲು ಡಾಂಗಲನ್ನು ಮಲಗಿಸುವ ಆಯ್ಕೆಯನ್ನು ಡಿವೈಸ್ ಮ್ಯಾನೇಜರಿನಲ್ಲಿ ರದ್ದು ಮಾಡಿದೆ. ಅಕ್ಕಪಕ್ಕದ ಮನೆಗಳ ವೈಫೈ ಅಡ್ಡಬರುತ್ತಿರಬಹುದೆಂದು ಆ ಬ್ಯಾಂಡಿನೊಳಗಿನ 1, 6, 11ನೆಯ ಚಾನೆಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಆ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಒಂದು ಸಂಜೆ ಗಮನಕ್ಕೆ ಬಂತು: ಪರದೆ ನಿಲ್ಲುವುದು ಹೊಸ ಸ್ಕ್ಯಾನ್ ತೆರೆದಾಗ ಮಾತ್ರ. ಸ್ಕ್ಯಾನ್‌ಗಳೆಲ್ಲ ಇರುವುದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ರೌಟರಿಗೆ ಸತತವಾಗಿ ಪಿಂಗ್ (ಉತ್ತರ ಬೇಡುವ ಪುಟ್ಟ ಸಂದೇಶ) ಕಳುಹಿಸುತ್ತಾ ನೋಡಿದೆ. ಎರಡು ಮೂರು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ, ಡಿಸ್ಕಿನಿಂದ ಕಡತ ನಕಲು ಮಾಡತೊಡಗಿದ ಕೂಡಲೇ 400 ದಾಟಿತು, ಆಮೇಲೆ ಬರಲೇ ಇಲ್ಲ. ಡಿಸ್ಕ್ ಕಿತ್ತೆ. ಎಲ್ಲವೂ ಮೊದಲಿನಂತಾಯಿತು.

ಹಾರ್ಡ್ ಡಿಸ್ಕೂ ಡಾಂಗಲೂ ಕಂಪ್ಯೂಟರಿನ ಹಿಂಬದಿಯಲ್ಲಿ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಡಿಸ್ಕ್ ಬಳಸುವ, ಸೆಕೆಂಡಿಗೆ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಕೆಲಸ ಮಾಡುವಾಗ ಅದರ ಕೇಬಲ್ ಮತ್ತು ಕನೆಕ್ಟರಿನಿಂದ ರೇಡಿಯೊ ಗದ್ದಲ ಸೋರುತ್ತದೆ. ಅದು 2.4 ಗಿಗಾಹರ್ಟ್ಸ್ ಬ್ಯಾಂಡನ್ನೂ ಆವರಿಸುತ್ತದೆ. ಇಂಟೆಲ್ 2012ರಲ್ಲಿಯೇ ಇದರ ಬಗ್ಗೆ ತಾಂತ್ರಿಕ ಪ್ರಬಂಧ ಪ್ರಕಟಿಸಿದೆ. ನಾನು ಬೈಯುತ್ತಿದ್ದ ರೌಟರ್ ನಿರಪರಾಧಿ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲಿನ ತುದಿಗೆ ಡಾಂಗಲ್ ಸಿಕ್ಕಿಸಿ ಮೇಜಿನ ಮೇಲಕ್ಕೆ ತಂದಾಗ ಪರದೆ ನಿಲ್ಲುವುದು ತಪ್ಪಿತು. ಡಾಂಗಲ್ ಈಗಾಗಲೇ ಕೊಂಡಿರುವವರು ಮೊದಲು ಇದನ್ನು ಮಾಡಿ ನೋಡಲಿ.

ಆದರೂ ಮೌಸ್ ಸರಿಸಿದರೆ ಟ್ಯಾಬ್‌ನಲ್ಲಿ ಬಾಣ ತಡವಾಗಿಯೇ ಸರಿಯುತ್ತಿತ್ತು. ಕಂಪ್ಯೂಟರಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಟ್ಯಾಬ್‌ಗೆ ಇನ್ನೊಮ್ಮೆ, ಹೀಗೆ ಒಂದೇ ಚಿತ್ರ ಅದೇ ಚಾನೆಲಿನಲ್ಲಿ ಎರಡು ಸಲ ಹಾರಬೇಕು. ಒಂದು ಹಾರುವಾಗ ಇನ್ನೊಂದು ಕಾಯಬೇಕು. ಡಾಂಗಲನ್ನು ಎಲ್ಲಿಟ್ಟರೂ ಇದು ತಪ್ಪುವುದಿಲ್ಲ.

ಯುಎಸ್‌ಬಿ ಕೇಬಲಿನಿಂದ ನೇರವಾಗಿ ಜೋಡಿಸಿ, ಟ್ಯಾಬ್‌ನಲ್ಲಿ ಯುಎಸ್‌ಬಿ ಟೆಥರಿಂಗ್ (ಕೇಬಲನ್ನೇ ಜಾಲದ ಸಂಪರ್ಕವಾಗಿಸುವ ಆಯ್ಕೆ) ಹಚ್ಚಿದರೆ ಚಿತ್ರದ ಸ್ಥಿರತೆಯಲ್ಲಿ ಅದನ್ನು ಮೀರಿಸುವ ದಾರಿ ಇನ್ನೊಂದಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ನಾನು ಕಷ್ಟದ ಅಕ್ಷರ ಬಂದಾಗ ಟ್ಯಾಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವವನು. ಕೇಬಲ್ ಎಳೆದಾಗಲೆಲ್ಲ ಪೋರ್ಟ್ ಸಡಿಲವಾಗುತ್ತದೆಂಬ ಭಯ. ಕೇಬಲ್ ಬಿಚ್ಚಿಕೊಂಡರೆ ಟೆಥರಿಂಗ್ ಆರಿಹೋಗುತ್ತದೆ, ಮತ್ತೆ ಸೆಟ್ಟಿಂಗ್ಸ್‌ಗೆ ಹೋಗಿ ಹಚ್ಚಬೇಕು. ಸಿಮ್ ಇಲ್ಲದ ಕೆಲವು ಟ್ಯಾಬ್‌ಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ.

ಈಗ ಇರುವ ವ್ಯವಸ್ಥೆ: ಕಂಪ್ಯೂಟರಿನಿಂದ ಹಜಾರದ ರೌಟರಿಗೆ 350 ರೂಪಾಯಿಯ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್, ರೌಟರಿನಿಂದ ಟ್ಯಾಬ್‌ಗೆ 5 ಗಿಗಾಹರ್ಟ್ಸ್ ವೈಫೈ. ಚಿತ್ರ ಗಾಳಿಯಲ್ಲಿ ಹಾರುವುದು ಒಂದೇ ಸಲ. ಡಿಸ್ಕಿನ ಗದ್ದಲ ಇದನ್ನು ಕಾಡಲಿಲ್ಲ. ಬಾಣ ಮೌಸಿನ ಹಿಂದೆಯೇ ಬರುತ್ತದೆ, ‘ಥ’ದ ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ.

ಮೂರು ಮಾತು ಹೇಳಬೇಕು. ರೌಟರಿನ ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದ್ದುದರಿಂದ ಟ್ಯಾಬ್ ತನಗೆ ತೋಚಿದಾಗ 2.4ಕ್ಕೆ ಜಾರುತ್ತಿತ್ತು, ಬೇರೆ ಬೇರೆ ಹೆಸರಿಟ್ಟ ಮೇಲೆ ಆ ಜಾರಾಟ ನಿಂತಿತು. ವಿಂಡೋಸಿನಲ್ಲಿ ಲ್ಯಾನ್ ಸಂಪರ್ಕ ‘ಪಬ್ಲಿಕ್’ ಎಂದಿದ್ದಾಗ ಫೈರ್‌ವಾಲ್ ಟ್ಯಾಬನ್ನು ಒಳಗೆ ಬಿಡಲಿಲ್ಲ, ‘ಪ್ರೈವೇಟ್’ ಮಾಡಿದೆ. 5 ಗಿಗಾಹರ್ಟ್ಸ್ ಅಲೆಗಳು ಗೋಡೆಯಲ್ಲಿ ಬೇಗ ಸೊರಗುತ್ತವೆ. ನನ್ನ ಕೋಣೆಗೂ ಹಜಾರಕ್ಕೂ ನಡುವೆ ಒಂದೇ ಗೋಡೆ ಇರುವುದರಿಂದ ಬಚಾವಾದೆ.

ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಹೊಸ್ತಿಲು ದಾಟುವ ಕೇಬಲ್ ಹೊಂದುವುದಿಲ್ಲ, ಅವರು ಯುಎಸ್‌ಬಿ ಕೇಬಲನ್ನೇ ನೆಚ್ಚಿಕೊಳ್ಳಲಿ. ನನ್ನ ಕಂಪ್ಯೂಟರ್ ಆರು ವರ್ಷಗಳಿಂದ ಅದೇ ಮೇಜಿನ ಮೇಲಿದೆ. ಕೇಬಲನ್ನು ಬಾಗಿಲ ಚೌಕಟ್ಟಿನ ಅಂಚಿಗೆ ಕ್ಲಿಪ್ ಹೊಡೆದು ಕೂರಿಸಿದ್ದೇನೆ.