ಪತ್ರ, ವಾಯ್ಸ್ ಮೆಸೇಜ್, ವಿಡಿಯೋ ಕಾಲ್: ದೂರದ ಹುಡುಗಿಗೆ ಯಾವುದು?

ಅವಳು ಕ್ಯಾಲಿಫೋರ್ನಿಯಾದಲ್ಲಿ, ನೀವು ಮೈಸೂರಿನಲ್ಲಿ. ಪ್ರೀತಿ ಹೇಳೋಕೆ ಯಾವ ದಾರಿ ಅಂತ ಕೇಳಿದ್ದೀರಿ.

ಮೊದಲು ಗಡಿಯಾರ ನೋಡಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ನಾವು 12 ಗಂಟೆ 30 ನಿಮಿಷ ಮುಂದಿರುತ್ತೇವೆ, ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಜಾಸ್ತಿ. ನಿಮಗೆ ರಾತ್ರಿ 10 ಆದಾಗ ಅವಳು ಕೆಲಸಕ್ಕೆ ಕೂರುವ ಹೊತ್ತು. ಆಗ ವಿಡಿಯೋ ಕಾಲ್ ಮಾಡಿ ಮನಸ್ಸು ಬಿಚ್ಚಿದರೆ 'ಆಮೇಲೆ ಮಾತಾಡ್ತೀನಿ' ಅನ್ನೋ ಉತ್ತರವೇ ಬರೋದು. ಭಾನುವಾರ ಬೆಳಿಗ್ಗೆ ಮಾಡಿ, ಅಲ್ಲಿ ಶನಿವಾರ ರಾತ್ರಿ. ವಾಯ್ಸ್ ಮೆಸೇಜಿಗೆ ಈ ಲೆಕ್ಕವೇ ಬೇಡ. ಅವಳು ಬಿಡುವಾದಾಗ ಕೇಳುತ್ತಾಳೆ.

ಖರ್ಚಿನಲ್ಲಿ ಮೂರೂ ಅಗ್ಗವೇ. ಆದರೆ ಇನ್‌ಲ್ಯಾಂಡ್ ಲೆಟರ್ ದೇಶದೊಳಗೆ ಮಾತ್ರ. ಹೊರದೇಶಕ್ಕಾದರೆ ಕವರ್ ತೂಕ ಹಾಕಿಸಿ ಸ್ಟಾಂಪ್ ಹಚ್ಚಬೇಕು, ಆಮೇಲೆ ವಾರಗಟ್ಟಲೆ ಕಾಯಲೂಬೇಕು.

ಉಳಿಯೋ ವಿಷಯಕ್ಕೆ ಬಂದರೆ ನನ್ನ ಒಲವು ಪತ್ರದ ಕಡೆಗೇ. ಬ್ಯಾಕಪ್ ಇಲ್ಲದೆ ಫೋನ್ ಬದಲಿಸಿದರೆ ಧ್ವನಿ ಹೋಯ್ತು. ಕಾಗದದಲ್ಲಿ ನೀವು ಬರೆದು ಹೊಡೆದು ಹಾಕಿದ ಪದವೂ ಕಾಣುತ್ತದೆ. ಅದನ್ನು ಬೆಳಕಿಗೆ ಹಿಡಿದು ಓದದ ಹುಡುಗಿ ಉಂಟಾ?

ಆದರೆ ಮೊದಲ ಸಲ ಕೇಳುವುದಾದರೆ ಪತ್ರ ಬೇಡ. ಉತ್ತರ ಬರೋವರೆಗೆ ನಿಮಗೆ ನಿದ್ದೆ ಇರಲ್ಲ. ಮುಖ ನೋಡಿ ಕೇಳಿ. ಮಾತು ತಡವರಿಸುತ್ತದೆ ಅನಿಸಿದರೆ ವಾಯ್ಸ್ ಮೆಸೇಜ್ ವಾಸಿ, ಅಳಿಸಿ ಮತ್ತೆ ಹೇಳಬಹುದಲ್ವಾ. ಈಗಾಗಲೇ ಅವಳು ಒಪ್ಪಿದ್ದರೆ, ಹುಟ್ಟುಹಬ್ಬಕ್ಕೆ ಒಂದು ತಿಂಗಳು ಮೊದಲೇ ಪತ್ರ ಹಾಕಿ. ಹಾಕಿದ್ದೀರಿ ಅಂತ ಮಾತ್ರ ಹೇಳಬೇಡಿ.