ಮುಟ್ಟಿದರೆ ಮುನಿ ಚಾಕು: ಅಂದ ನೋಡಿ ಮಡಚುವ ಚಾಕು ಕೊಳ್ಳುವವರಿಗೆ

ಬಲಗೈ ತೋರುಬೆರಳಿಗೆ ಐದು ಹೊಲಿಗೆ, ನಡುಬೆರಳಿಗೆ ಎರಡು. ಗಾಯ ಮಾಗಿ ತಿಂಗಳುಗಳೇ ಕಳೆದರೂ ತೋರುಬೆರಳಿನ ಒಂದು ಮಗ್ಗುಲು ಇನ್ನೂ ಜೋಮು ಹಿಡಿದ ಹಾಗೇ ಇದೆ. ಕಾಫಿ ಲೋಟ ಹಿಡಿದರೆ ಬಿಸಿ ಅಂತ ಮೊದಲು ಹೇಳುವುದು ಹೆಬ್ಬೆರಳು, ತೋರುಬೆರಳಿಗೆ ಗೊತ್ತೇ ಆಗುವುದಿಲ್ಲ. ಇಷ್ಟೆಲ್ಲ ಆದದ್ದು 1,499 ರೂಪಾಯಿ ಕೊಟ್ಟು ನಾನೇ ಆಸೆಪಟ್ಟು ತರಿಸಿಕೊಂಡ ಒಂದು ಮಡಚುವ ಚಾಕುವಿನಿಂದ. ಅಂಥದ್ದೇ ಚಾಕು ಕೊಳ್ಳಲು ಹೊರಟವರು ಯಾರಾದರೂ ಇದ್ದರೆ ಇದನ್ನು ಓದಿಕೊಂಡು ಹೋಗಿ.

ನನ್ನದು ಬೆಂಗಳೂರಿನಲ್ಲಿ ಕೆಲಸ, ಮನೆ ಸಾಗರದ ಹತ್ತಿರ. ತಿಂಗಳಿಗೊಮ್ಮೆ ಊರಿಗೆ ಹೋದರೆ ತೋಟದಲ್ಲಿ ಏನಾದರೊಂದು ಕೊಯ್ಯುವ ಕೆಲಸ ಇದ್ದೇ ಇರುತ್ತದೆ: ಡ್ರಿಪ್ ಪೈಪು, ಗೊಬ್ಬರದ ಚೀಲದ ಹೊಲಿಗೆ, ಪ್ಲಾಸ್ಟಿಕ್ ಹಗ್ಗ. ಆಫೀಸಿನಲ್ಲಾದರೆ ಪಾರ್ಸೆಲ್ ಡಬ್ಬಿ, ಮಧ್ಯಾಹ್ನಕ್ಕೊಂದು ಸೇಬು. ಜೇಬಿನಲ್ಲಿ ಒಂದು ಚಾಕು ಇದ್ದರೆ ಒಳ್ಳೆಯದು ಅನ್ನಿಸಿತ್ತು, ಅದರಲ್ಲಿ ತಪ್ಪೇನಿಲ್ಲ. ತಪ್ಪು ಮಾಡಿದ್ದು ಆರಿಸುವಾಗ. ಒಂದು ಆನ್‌ಲೈನ್ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಚಾಕುವಿನ ಅಲಗಿನ ತುಂಬ ನೀರಿನ ಅಲೆಯಂಥ ಗೆರೆಗಳು, ಬೀಟೆ ಮರದ ಬಣ್ಣದ ಹಿಡಿ, ಅದಕ್ಕೆ ಹಿತ್ತಾಳೆಯ ಪಟ್ಟಿ. ಕೆಳಗೆ ‘ಡಮಾಸ್ಕಸ್’, ‘440 ಸ್ಟೇನ್‌ಲೆಸ್’, ‘ಸರ್ಜಿಕಲ್ ಸ್ಟೀಲ್’ ಅಂತ ಒಂದೇ ಸಾಲಿನಲ್ಲಿ ಬರೆದಿತ್ತು. ಈ ಮೂರೂ ಒಂದೇ ಅಲಗಿಗೆ ಹೇಗೆ ಹೊಂದುತ್ತವೆ ಎಂದು ಆಗ ನನಗೆ ಹೊಳೆಯಲಿಲ್ಲ.

ಬಂದ ದಿನದಿಂದ ಅದು ಆಟದ ಸಾಮಾನಾಯಿತು. ಹಿಡಿಯ ಹಿಂದಿನ ಕೊಕ್ಕೆಯನ್ನು ಬೆರಳಿನಿಂದ ಒತ್ತಿದರೆ ಅಲಗು ಟಕ್ ಎಂದು ಹೊರಬರುತ್ತಿತ್ತು. ಮೀಟಿಂಗಿನಲ್ಲಿ ಕೂಡ ಮೇಜಿನ ಕೆಳಗೆ ಟಕ್ ಟಕ್ ಮಾಡುತ್ತಾ ಕೂತಿರುತ್ತಿದ್ದೆ. ಒಂದು ದಿನ ಬಿಚ್ಚಿದ ಚಾಕುವಿನ ಬೆನ್ನು ಮೇಜಿನ ಅಂಚಿಗೆ ತಾಗಿ ಅಲಗು ತಾನಾಗಿಯೇ ಅರ್ಧ ಮಡಚಿಕೊಂಡಿತು. ಸರಿಯಾಗಿ ಲಾಕ್ ಆಗಿರಲಿಲ್ಲವೇನೋ ಅಂದುಕೊಂಡು ಮತ್ತೆ ಟಕ್ ಎನ್ನಿಸಿದೆ. ಆ ಹೊತ್ತಿಗೇ ಅದನ್ನು ವಾಪಸ್ ಕಳಿಸಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಆಗಿದ್ದು ಇಷ್ಟು. ಜೂನ್ ತಿಂಗಳು, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ. ಮಳೆ ಎರಡು ದಿನ ಹೊಳವಾಗಿತ್ತು, ಚಿಕ್ಕಪ್ಪ ಬೆಳಿಗ್ಗೆಯೇ ಬೋರ್ಡೋ ಎಂಬ ಆ ಔಷಧಿ ಕಲಸಲು ನಿಂತಿದ್ದ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ಸರಿಯಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ನಾನು ಜಂಬದಿಂದ ನನ್ನ ಹೊಸ ಚಾಕು ಚಾಚಿದೆ. ಚಿಕ್ಕಪ್ಪ ಅದನ್ನು ಒಮ್ಮೆ ತಿರುಗಿಸಿ ನೋಡಿ, “ಇದು ಸ್ಟೀಲಲ್ವನ, ಇದ್ರಲ್ಲಿ ಏನೂ ಕಾಣಲ್ಲ. ಇದನ್ನ ಶೋಕೇಸಲ್ಲಿ ಇಡು” ಎಂದು, ಸೊಂಟದಲ್ಲಿದ್ದ ತನ್ನ ಕಪ್ಪಾದ ಹಳೇ ಚಾಕುವನ್ನೇ ಅದ್ದಿದ.

ನನಗೆ ಸ್ವಲ್ಪ ಅವಮಾನವಾಯಿತು ಅಂತಲೇ ಇಟ್ಟುಕೊಳ್ಳಿ. ಅದಕ್ಕೇ ಡ್ರಮ್ಮಿನ ಬುಡದಲ್ಲಿ ನಲ್ಲಿ ಕೂರಿಸುವ ತೂತನ್ನು ಕೊಂಚ ದೊಡ್ಡದು ಮಾಡಬೇಕು ಎಂದಾಗ ನಾನೇ ಮುಂದೆ ಬಿದ್ದೆ. ಕೈ ಒದ್ದೆ. ಮೊನೆಯನ್ನು ತೂತಿಗೆ ತೂರಿಸಿ ತಿರುಚಿದೆ. ದಪ್ಪ ಪ್ಲಾಸ್ಟಿಕ್ಕು ಮೊನೆಯನ್ನು ಕಚ್ಚಿಕೊಂಡಿತು, ಭಾರವೆಲ್ಲ ಅಲಗಿನ ಬೆನ್ನ ಮೇಲೆ ಬಿತ್ತು, ಲಾಕು ಜಾರಿತು. ಮಡಚುವ ಚಾಕುವಿನಲ್ಲಿ ಅಲಗು ಹೋಗಿ ಕೂರುವ ಸೀಳು ಇರುವುದು ನಮ್ಮ ಬೆರಳುಗಳು ಸುತ್ತಿಕೊಂಡಿರುವ ಕಡೆಗೇ. ಅದು ಮುಚ್ಚಿಕೊಳ್ಳುವಾಗ ನಡುವೆ ಬೆರಳಲ್ಲದೆ ಬೇರೇನೂ ಇರುವುದಿಲ್ಲ. ಮೊದಲು ನೋವಾಗಲಿಲ್ಲ, ತಣ್ಣಗೆ ಏನೋ ಹಾದುಹೋದ ಹಾಗಾಯಿತು. ಆಮೇಲೆ ಸುಣ್ಣ ಮೈಲುತುತ್ತದ ನೀರು ಗಾಯಕ್ಕೆ ಇಳಿಯಿತು ನೋಡಿ, ಆ ಉರಿಯನ್ನು ಬರೆದು ತೋರಿಸಲಾರೆ.

ಚಿಕ್ಕಪ್ಪ ಹೆಗಲ ಟವೆಲನ್ನು ಬಿಗಿಯಾಗಿ ಸುತ್ತಿ, ಕೈ ಮೇಲೆತ್ತಿ ಹಿಡಿಸಿ ಜೀಪು ಹತ್ತಿಸಿದ. ದಾರಿಯುದ್ದಕ್ಕೂ ಬೈದ. ನಡುವೆ ಒಮ್ಮೆ ನಗುವನ್ನು ತಡೆಯಲಾರದೆ, “ಅದೆಂಥ ಚಾಕುವೋ ಮಾರಾಯ, ಮುಟ್ಟಿದರೆ ಮುನಿ ಗಿಡದ ಹಾಗೆ ಮುಚ್ಚಿಕೊಳ್ತಲ್ಲ!” ಎಂದ. ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆಗೆ ಮೊದಲು ಬೆರಳಿನ ನಡುಗಂಟನ್ನು ಹಿಡಿದು ತುದಿಯನ್ನಷ್ಟೇ ಬಗ್ಗಿಸಲು ಹೇಳಿದರು. ಬಗ್ಗಿತು. ಬಗ್ಗದಿದ್ದರೆ ಸ್ನಾಯುರಜ್ಜು ತುಂಡಾಗಿದೆ ಎಂದು ಲೆಕ್ಕ, ಆಗ ಶಿವಮೊಗ್ಗಕ್ಕೆ ಓಡಬೇಕಿತ್ತಂತೆ. ಧನುರ್ವಾಯು ಇಂಜೆಕ್ಷನ್ನೂ ಆಯಿತು.

ಮೊನೆಯಿಂದ ತಿರುಚುವ ಕೆಲಸಕ್ಕೆ ಮಡಚುವ ಚಾಕು ಬಳಸಿದ್ದು ನನ್ನ ತಪ್ಪೇ, ಒಪ್ಪುತ್ತೇನೆ. ಅದಕ್ಕೆ ಹಿಡಿಗೆ ಗಟ್ಟಿಯಾಗಿ ಕೂತ ಅಲಗಿನ ಚೂರಿ ಬೇಕು, ಇಲ್ಲವೇ ಡ್ರಿಲ್ಲು. ಆದರೆ ಮೇಜಿನ ಅಂಚು ತಾಗಿದ್ದಕ್ಕೇ ಸೋತ ಲಾಕಿಗೆ ಆ ನೆಪ ನಡೆಯುವುದಿಲ್ಲ. ಕೈ ಸ್ವಲ್ಪ ಸುಧಾರಿಸಿದ ಮೇಲೆ ಎಡಗೈಯಲ್ಲೇ ಸ್ಕ್ರೂ ಬಿಚ್ಚಿ ಚಾಕುವಿನ ಹೊಟ್ಟೆ ನೋಡಿದೆ. ಲೈನರ್ ಲಾಕ್ ಎನ್ನುವುದು ಹಿಡಿಯ ಒಳಗಿನ ಒಂದು ಉಕ್ಕಿನ ಪಟ್ಟಿ. ಅಲಗು ಪೂರ್ತಿ ಬಿಚ್ಚಿದಾಗ ಅದು ಸ್ಪ್ರಿಂಗಿನಂತೆ ಒಳಕ್ಕೆ ಹಾರಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲಬೇಕು. ನನ್ನದರಲ್ಲಿ ಆ ಪಟ್ಟಿ ಟಿಫಿನ್ ಡಬ್ಬಿಯ ಮುಚ್ಚಳದಷ್ಟು ತೆಳ್ಳಗಿತ್ತು, ಬುಡದ ಮೂಲೆಯನ್ನು ಉಗುರಿನ ಅಂಚಿನಷ್ಟು ಮಾತ್ರ ಮುಟ್ಟುತ್ತಿತ್ತು. ಬುಡದ ಆ ಮುಖವನ್ನು ನುಣ್ಣಗೆ ಇಳಿಜಾರಾಗಿ ಉಜ್ಜಿರಬೇಕು. ಇಲ್ಲಿ ಅರದಲ್ಲಿ ಎರಡು ಸಲ ಎಳೆದು ಕೈಬಿಟ್ಟ ಹಾಗಿತ್ತು. ಕೀಲಿನ ಎರಡೂ ಕಡೆ ಇರಬೇಕಾದ ಕಂಚಿನ ಬಿಲ್ಲೆಗಳ ಜಾಗದಲ್ಲಿ ಪ್ಲಾಸ್ಟಿಕ್ ಚೂರು.

ಇನ್ನು ಆ ಅಲೆ ಅಲೆ ಗೆರೆ. ಪಾತ್ರೆ ಉಜ್ಜುವ ಸ್ಟೀಲ್ ನಾರಿನಲ್ಲಿ ಹತ್ತು ನಿಮಿಷ ತಿಕ್ಕಿದೆ, ಅರ್ಧ ಮಾಯವಾಯಿತು. ಈಗ ಡಮಾಸ್ಕಸ್ ಎಂದು ಕರೆಯುವ ನಿಜವಾದ ಪದರದ ಅಲಗಿನಲ್ಲಿ ಎರಡು ಬಗೆಯ ಉಕ್ಕನ್ನು ಕಾಯಿಸಿ, ಬಡಿದು ಒಂದಾಗಿಸಿ, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿರುತ್ತಾರೆ. ಉಜ್ಜಿದರೆ ಅದರ ಗೆರೆಯೂ ಮಸುಕಾಗುತ್ತದೆ, ಆದರೆ ಮತ್ತೆ ಆಮ್ಲಕ್ಕೆ ಹಾಕಿದರೆ ಅದೇ ಗೆರೆ ಮೇಲೇಳುತ್ತದೆ, ಯಾಕೆಂದರೆ ಅದು ಅಲಗಿನ ಆಳದಲ್ಲೇ ಇದೆ. ಕೊಳ್ಳುವಾಗ ಆಮ್ಲವೇನೂ ಬೇಕಾಗಿಲ್ಲ, ಅಲಗಿನ ಬೆನ್ನು ನೋಡಿದರೆ ಸಾಕು. ಪಕ್ಕದ ಗೆರೆ ಬೆನ್ನನ್ನು ಹತ್ತಿ ಆ ಕಡೆಗೆ ಇಳಿದಿರಬೇಕು. ಬೆನ್ನು ಬೋಳಾಗಿದ್ದು ಪಕ್ಕದಲ್ಲಿ ಮಾತ್ರ ಚಿತ್ತಾರವಿದ್ದರೆ ಅದು ಲೇಸರಿನಲ್ಲೋ ಅಚ್ಚಿನಲ್ಲೋ ಒತ್ತಿದ್ದು.

ನಾಚಿಕೆಯ ಮಾತೆಂದರೆ, ಡಮಾಸ್ಕಸ್ ಕತ್ತಿಗಳ ಹೆಸರು ಮೊದಲು ಮೆರೆದದ್ದೇ ನಮ್ಮ ಕಡೆಯ ಉಕ್ಕಿನಿಂದ. ಇಂಗ್ಲಿಷಿನವರು ‘ವೂಟ್ಸ್’ ಎಂದು ಕರೆದದ್ದು ನಮ್ಮ ‘ಉಕ್ಕು’ ಎಂಬ ಮಾತನ್ನೇ ಎಂದು ಬಲ್ಲವರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿ ಸಮೀಕ್ಷೆ ಮಾಡಿದ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಜನ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಆ ಮೂಸೆಯ ಉಕ್ಕೇ ಬೇರೆ, ಇವತ್ತು ಡಮಾಸ್ಕಸ್ ಎಂದು ಮಾರುವ ಪದರದ ಉಕ್ಕೇ ಬೇರೆ, ನನ್ನ ಚಾಕುವಿನ ಮೇಲಿದ್ದದ್ದು ಎರಡೂ ಅಲ್ಲದ ಬರೀ ಚಿತ್ರ. ‘440’ ಎಂಬ ಉಕ್ಕಿನ ದರ್ಜೆಯ ಅಂಕಿಯೂ ಅಂಥದ್ದೇ ಆಟ. 440ಎ ಉಕ್ಕಿನಲ್ಲಿ ಇಂಗಾಲ ಹೆಚ್ಚೆಂದರೆ ಶೇ 0.75, 440ಸಿಯಲ್ಲಿ ಶೇ 0.95ರಿಂದ 1.2. ಹರಿತ ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ಬಹುಪಾಲು ಅದರ ಮೇಲೆ ಮತ್ತು ಹದ ಕೊಟ್ಟ ರೀತಿಯ ಮೇಲೆ ನಿಂತಿದೆ. ಅಕ್ಷರ ಬಿಟ್ಟು ಅಂಕಿ ಮಾತ್ರ ಬರೆದವನು ಏನನ್ನೋ ನುಂಗಿದ್ದಾನೆ ಎಂದೇ ತಿಳಿಯಿರಿ. ‘ಸರ್ಜಿಕಲ್ ಸ್ಟೀಲ್’ ಅಂತೂ ಏನನ್ನೂ ಹೇಳದ ಮಾತು.

ಮಾರಿದವನಿಗೆ ಫೋಟೋ ಸಮೇತ ಬರೆದೆ. ವಾಪಸಿನ ಏಳು ದಿನ ಮುಗಿದಿದೆ, ಗ್ರಾಹಕರು ದುರ್ಬಳಕೆ ಮಾಡಿದ್ದಾರೆ ಎಂದು ಎರಡು ಸಾಲಿನ ಉತ್ತರ. ಆಗ ಆ ಪುಟವನ್ನು ಮತ್ತೆ ನೋಡಿದರೆ ಮಾಡಿದವರ ಹೆಸರಿಲ್ಲ, ಯಾವ ದೇಶದ ಸರಕು ಎಂದಿಲ್ಲ. ತಯಾರಾದ ದೇಶವನ್ನು ತಿಳಿಸಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಇಂಥ ಪುಟ ಕಂಡರೆ ಬೆಲೆ ನೋಡುವ ಮೊದಲೇ ಮುಚ್ಚಿಬಿಡಿ. ಈಗಾಗಲೇ ಸಿಕ್ಕಿಬಿದ್ದವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ನಾನು ದೂರು ಕೊಡಲು ಹೊರಟಾಗ ಬಿಲ್ಲೂ ಇರಲಿಲ್ಲ, ಬಿಚ್ಚಿದ ಚಾಕುವಿನ ಒಂದು ಸ್ಕ್ರೂ ಕೂಡ ಕಾಣೆಯಾಗಿತ್ತು.

ಬೆಂಗಳೂರಿಗೆ ವಾಪಸಾದ ದಿನದ ಪ್ರಹಸನವನ್ನೂ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಮೆಟ್ರೋಗೆ ಹೋದೆ. ಬ್ಯಾಗು ಯಂತ್ರದೊಳಗೆ ಹೋಯಿತು, ಸೆಕ್ಯುರಿಟಿಯವರು ಚಾಕು ತೆಗೆದು ಮೇಜಿನ ಮೇಲಿಟ್ಟರು. “ಏನ್ ಸಾರ್ ಇದು, ರಾಂಪುರಿನಾ?” ಎಂದು ರೌಡಿಗಳ ಚಾಕುವಿನ ಹೆಸರು ಹೇಳಿದವರ ಕಣ್ಣು ನನ್ನ ಬ್ಯಾಂಡೇಜಿನ ಮೇಲಿತ್ತು. ಒಳಗೆ ಬಿಡಲಿಲ್ಲ, ಆಟೋದಲ್ಲಿ ಹೋದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಮನೆಗೆಲಸಕ್ಕೋ ಕೃಷಿಗೋ ಮಾಡಿದ್ದಲ್ಲದಿದ್ದರೆ, ಶಸ್ತ್ರದ ಪಟ್ಟಿಗೆ ಬರುತ್ತದೆ. ನನ್ನದು ಮೂರಿಂಚಿನದು, ಆ ಲೆಕ್ಕದಲ್ಲಿ ಹೊರಗಿತ್ತು. ಆದರೆ ಮೆಟ್ರೋ ಬಾಗಿಲಲ್ಲಿ ಆ ಲೆಕ್ಕ ಹೇಳಿ ಪ್ರಯೋಜನವಿಲ್ಲ. ವಿಮಾನದಲ್ಲಾದರೆ ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು. ದಿನವೂ ಮೆಟ್ರೋದಲ್ಲಿ ಓಡಾಡುವವರು ಜೇಬಿಗೊಂದು ಚಾಕು ಎಂಬ ಆಸೆಯನ್ನು ಕೈಬಿಡುವುದೇ ಸರಿ.

ಕೊಳ್ಳಲೇಬೇಕು ಎಂದಿದ್ದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ಕೊಳ್ಳಿ. ಬಿಚ್ಚಿ, ಅಲಗನ್ನು ಅತ್ತಿತ್ತ ಅಲ್ಲಾಡಿಸಿ. ಕಟಕಟ ಎಂದರೆ ಬೇಡ. ಲಾಕಿನ ಪಟ್ಟಿ ಬುಡದ ಮೂಲೆಯಲ್ಲಿ ತೂಗಾಡದೆ ಚೆನ್ನಾಗಿ ಒಳಕ್ಕೆ ಬಂದು ನಿಂತಿದೆಯೇ ನೋಡಿ. ಆಮೇಲೆ ಬೆರಳುಗಳನ್ನು ಸೀಳಿನ ದಾರಿಯಿಂದ ಪೂರ್ತಿ ಆಚೆ ಇಟ್ಟು, ಹಿಡಿಯನ್ನು ಬದಿಗಳಿಂದ ಮಾತ್ರ ಹಿಡಿದು, ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ಒತ್ತಿ. ಒಂದು ಕೂದಲಿನಷ್ಟು ಜಾರಿದರೂ ಕೆಳಗಿಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹಿಡಿಯ ಮುಂಭಾಗದಲ್ಲಿ ಬೆರಳು ಮುಂದಕ್ಕೆ ಜಾರದ ಹಾಗೆ ಒಂದು ಉಬ್ಬೋ ತಗ್ಗೋ ಇರಬೇಕು. ನನ್ನ ನುಣುಪು ಹಿಡಿಯಲ್ಲಿ ಅದೂ ಇರಲಿಲ್ಲ.

ಅಂದವೂ ಬೇಕು, ಗಟ್ಟಿಯೂ ಇರಬೇಕು ಎನ್ನುವುದು ಅತಿಯಾಸೆಯೇನಲ್ಲ. ಫ್ರಾನ್ಸಿನ ಓಪಿನೆಲ್ ಎಂಬ ಮಡಚುವ ಚಾಕು 1890ರಿಂದ ಇದೆ. ಬೀಚ್ ಮರದ ದುಂಡು ಹಿಡಿ, ಎಂಟನೇ ನಂಬರಿನದಾದರೆ ಎಂಟೂವರೆ ಸೆಂಟಿಮೀಟರ್ ಅಲಗು. ಅದರ ಲಾಕು ಕತ್ತಿನಲ್ಲಿ ತಿರುಗುವ ಒಂದು ಉಂಗುರ, 1955ರಿಂದ ಹೆಚ್ಚುಕಡಿಮೆ ಅದೇ. ತಿರುಗಿಸಿದ್ದೀರೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಊಹೆಗೆ ಜಾಗವಿಲ್ಲ. ಗೆಳೆಯನದನ್ನು ಒಂದು ವಾರ ಬಳಸಿ ನೋಡಿದೆ. ಮಲೆನಾಡಿನ ಮಳೆಗೆ ಮರ ಉಬ್ಬಿ ಅಲಗು ಹೊರಗೆಳೆಯಲು ಹಲ್ಲು ಕಚ್ಚಬೇಕಾಯಿತು, ನಮಗದು ಆಗಿಬರುವುದಿಲ್ಲ. ಕೊನೆಗೆ ಕೊಂಡದ್ದು ವಿಕ್ಟೋರಿನಾಕ್ಸ್ ಎಂಬ ಸ್ವಿಸ್ ಕಂಪನಿಯ ಲಾಕೇ ಇಲ್ಲದ ಮಡಚುವ ಚಾಕು, ಅಲ್ಯೂಮಿನಿಯಂ ಹಿಡಿಯದ್ದು. ಬೆನ್ನಿನ ಸ್ಪ್ರಿಂಗು ಅಲಗನ್ನು ಒತ್ತಿ ಹಿಡಿದಿರುತ್ತದೆ ಅಷ್ಟೆ, ಜೋರು ಮಾಡಿದರೆ ಮುಚ್ಚಿಕೊಳ್ಳುತ್ತದೆ. ಲಾಕಿಲ್ಲ ಎಂದು ಕೈಗೆ ಮೊದಲೇ ಗೊತ್ತಿರುವುದರಿಂದ ನಾನು ಅದರಿಂದ ಚುಚ್ಚುವುದಿಲ್ಲ, ತಿರುಚುವುದಿಲ್ಲ.

ಹಳೆಯ ಚಾಕು ಚಿಕ್ಕಪ್ಪನ ಹತ್ತಿರ ಇದೆ. ಅಲಗು ಮಡಚದ ಹಾಗೆ ಕೀಲಿಗೆ ಒಂದು ಮೊಳೆ ಹೊಡೆದು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ, ಗೊಬ್ಬರದ ಚೀಲ ಬಿಚ್ಚಲು ಇಟ್ಟುಕೊಂಡಿದ್ದಾನೆ. ಹೋದ ಸಲ ಊರಿಗೆ ಹೋದಾಗ ಕೇಳಿದರೆ, “ಈಗ ಅಡ್ಡಿಲ್ಲ” ಅಂದ.