ಗೋಟೆಕ್ ಕೊಳ್ಳಿ, ಅದರ ಫರ್ಮ್‌ವೇರ್ ಮಾತ್ರ ಬದಲಾಯಿಸಿ

ಕಮೋಡೋರ್ ಕಂಪನಿಯ ಹಳೆಯ ಮನೆ ಕಂಪ್ಯೂಟರ್ ಅಮಿಗಾ 500 ಒಂದನ್ನು ರಿಪೇರಿ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕೆಪಾಸಿಟರ್ ಬದಲಾಯಿಸಿದ್ದಾಯಿತು. ಮೆಮೊರಿ ಬೋರ್ಡಿನ ಮೇಲೆ ಸೋರಿ ಹಸಿರುಗಟ್ಟಿದ್ದ ಬ್ಯಾಟರಿ ಕಿತ್ತು ತೊಳೆದದ್ದಾಯಿತು. ಪವರ್ ಸಪ್ಲೈ ವೋಲ್ಟೇಜ್ ಅಳೆದದ್ದೂ ಆಯಿತು. ಸ್ವಿಚ್ ಹಾಕಿದರೆ ಫ್ಲಾಪಿ ಹಿಡಿದ ಕೈಯ ಚಿತ್ರ ಪರದೆ ಮೇಲೆ ಬರುತ್ತದೆ, ಅಂದರೆ ಬೋರ್ಡ್ ಬದುಕಿದೆ, ಈಗ ಡಿಸ್ಕ್ ಕೇಳುತ್ತಿದೆ. ತುಂಬಾ ಜನರ ಪ್ರಾಜೆಕ್ಟ್ ನಿಂತುಹೋಗುವುದು ಇಲ್ಲೇ. ಡ್ರೈವ್ ಒಳಗೆ ಗ್ರೀಸ್ ಗಟ್ಟಿಯಾಗಿರುತ್ತದೆ, ಹೆಡ್ ಕೊಳೆಯಾಗಿರುತ್ತದೆ. ಅದೆಲ್ಲ ಸರಿಮಾಡಿದರೂ ಫ್ಲಾಪಿಗಳಿಗೇ ಬೂಸ್ಟು ಹಿಡಿದಿರುತ್ತದೆ. ಹೊಸದು ತರೋಣ ಅಂದರೆ ಸೋನಿ ಕಂಪನಿಯೇ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ದಾಸ್ತಾನು.

ಈ ಕಷ್ಟಕ್ಕೆ ನಾನು ಎಲ್ಲರಿಗೂ ಹೇಳುವ ಪರಿಹಾರ ಗೋಟೆಕ್. ನೋಡುವುದಕ್ಕೆ ಮೂರೂವರೆ ಇಂಚಿನ ಫ್ಲಾಪಿ ಡ್ರೈವ್ ಥರವೇ ಇರುತ್ತದೆ, ಅದೇ ಅಳತೆ, ಹಿಂದೆ ಅದೇ 34 ಪಿನ್ನಿನ ಕನೆಕ್ಟರ್. ಮುಂದೆ ಫ್ಲಾಪಿ ಬಾಯಿಯ ಬದಲು ಒಂದು ಯುಎಸ್‌ಬಿ ಪೋರ್ಟ್, ಎರಡು ಬಟನ್, ಮೂರು ಅಂಕಿಯ ಕೆಂಪು ಡಿಸ್‌ಪ್ಲೇ. ಪೆನ್ ಡ್ರೈವ್ ಒಳಗೆ ಡಿಸ್ಕ್ ಇಮೇಜ್ (ಇಡೀ ಫ್ಲಾಪಿಯ ಪ್ರತಿ) ಫೈಲುಗಳನ್ನು ತುಂಬಿ ಚುಚ್ಚಿದರೆ ಕಂಪ್ಯೂಟರಿಗೆ ಅದು ನಿಜವಾದ ಡ್ರೈವ್ ಅಂತಲೇ ಅನ್ನಿಸುತ್ತದೆ. ಒಳಗೆ ಮೋಟರ್ ಇಲ್ಲ, ಬೆಲ್ಟ್ ಇಲ್ಲ. 5 ವೋಲ್ಟ್ ಒಂದೇ ಸಾಕು. ಹಳೆಯ ಪವರ್ ಸಪ್ಲೈ ಮೇಲೆ ಅಷ್ಟು ಭಾರ ಕಡಿಮೆಯಾಗುತ್ತದಲ್ಲ, ಅದೂ ಒಂದು ಲಾಭವೇ.

ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಹಾಕಿದರೆ ನಮಗೆ ಹೆಚ್ಚು ಉಪಯೋಗವಿಲ್ಲ. ಇದು ಹವ್ಯಾಸದವರಿಗಾಗಿ ಹುಟ್ಟಿದ ವಸ್ತುವೇ ಅಲ್ಲ. ಕಸೂತಿ ಯಂತ್ರ, ಮ್ಯೂಸಿಕ್ ಕೀಬೋರ್ಡ್, ಕಾರ್ಖಾನೆಯ ಯಂತ್ರಗಳಲ್ಲಿ ಫ್ಲಾಪಿ ಬದಲು ಹಾಕಲಿಕ್ಕೆ ಮಾಡಿದ್ದು. ಹಾಗಾಗಿ ಅದರದ್ದೇ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಂ, ಪಿಸಿ ಮಾದರಿಯ ಡಿಸ್ಕನ್ನಷ್ಟೇ ನಂಬಿಕೊಂಡಿದೆ. ಪೆನ್ ಡ್ರೈವನ್ನು ಬೇರೆ ಪ್ರೋಗ್ರಾಂ ಬಳಸಿ ತುಂಡು ತುಂಡು ಮಾಡಬೇಕು, ಯಾವ ಡಿಸ್ಕ್ ಎಷ್ಟನೇ ನಂಬರಿನಲ್ಲಿದೆ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಅಮಿಗಾ ಅಥವಾ ಅದೇ ಕಾಲದ ಅಟಾರಿ ಎಸ್‌ಟಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಸಾಲದು.

ಗೋಟೆಕ್ ನಮ್ಮ ಕೈಗೆ ಒದಗಿದ್ದು ಫ್ಲ್ಯಾಶ್‌ಫ್ಲಾಪಿ ಬಂದ ಮೇಲೆ. ಕೀರ್ ಫ್ರೇಸರ್ ಬರೆದ ಫರ್ಮ್‌ವೇರ್ ಇದು, ಸೋರ್ಸ್ ಕೋಡ್ ಸಮೇತ ಉಚಿತ, ಯಾರು ಬೇಕಾದರೂ ಬಳಸಬಹುದು. ಇದನ್ನು ಹಾಕಿದರೆ ಪೆನ್ ಡ್ರೈವ್ ಮಾಮೂಲಿ ಎಫ್‌ಎಟಿ32 ಆಗಿಯೇ ಇರುತ್ತದೆ. ಫೋಲ್ಡರ್ ಮಾಡಿಕೊಳ್ಳಿ, ಫೈಲಿಗೆ ನಿಮಗಿಷ್ಟ ಬಂದ ಹೆಸರಿಡಿ. ಅಮಿಗಾದ ಎಡಿಎಫ್, ಅಟಾರಿಯ ಎಸ್‌ಟಿ, ಆಮ್‌ಸ್ಟ್ರಾಡ್ ಕಂಪ್ಯೂಟರಿನ ಡಿಎಸ್‌ಕೆ, ಪಿಸಿಯ ಐಎಂಜಿ, ಈ ಎಲ್ಲ ಬಗೆಯ ಇಮೇಜುಗಳನ್ನೂ ನೇರವಾಗಿ ಓದುತ್ತದೆ, ಬರೆಯುತ್ತದೆ ಕೂಡ. ಅದೇ ಬೋರ್ಡ್, ಅದೇ ಚಿಪ್, ಆದರೆ ಈಗ ಬೇರೆಯೇ ವಸ್ತು ಅನ್ನಿಸುತ್ತದೆ.

ಇದು ಹೇಗೆ ಸಾಧ್ಯ ಅಂತ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ. ಅಮಿಗಾ ಮತ್ತು ಪಿಸಿ ಎರಡರಲ್ಲೂ ಇರುವುದು 80 ಟ್ರ್ಯಾಕಿನ, ಎರಡು ಬದಿಯ ಡಿಸ್ಕೇ. ಟ್ರ್ಯಾಕ್ ಅಂದರೆ ಡಿಸ್ಕಿನ ಮೇಲಿನ ಒಂದು ವೃತ್ತ, ಸೆಕ್ಟರ್ ಅಂದರೆ ಅದರ ಒಂದು ತುಂಡು. ಪಿಸಿ 720 ಕೆಬಿ ಡಿಸ್ಕಿನಲ್ಲಿ ಒಂದು ಟ್ರ್ಯಾಕಿಗೆ 9 ಸೆಕ್ಟರ್ ಬರೆಯುತ್ತದೆ. ಅಮಿಗಾ ನಡುವೆ ಖಾಲಿ ಜಾಗ ಬಿಡದೆ ಇಡೀ ಟ್ರ್ಯಾಕನ್ನು ಒಂದೇ ಉಸಿರಿಗೆ ಬರೆದು 11 ಸೆಕ್ಟರ್ ತುಂಬಿಸುತ್ತದೆ, ಅದಕ್ಕೇ 880 ಕೆಬಿ ಹಿಡಿಯುವುದು. ಈ ಬರವಣಿಗೆ ಪಿಸಿಯ ಫ್ಲಾಪಿ ಕಂಟ್ರೋಲರಿಗೆ ಅರ್ಥವೇ ಆಗುವುದಿಲ್ಲ. ಆದರೆ ಡ್ರೈವಿಗೆ ಈ ಗೊಡವೆ ಇಲ್ಲ. ಹೆಡ್ ಕೆಳಗೆ ಹಾದುಹೋಗುವ ಕಾಂತದ ಏರಿಳಿತವನ್ನು ಮಿಡಿತಗಳಾಗಿ ಕೇಬಲ್ಲಿನಲ್ಲಿ ಕಳಿಸುವುದಷ್ಟೇ ಅದರ ಕೆಲಸ. ಫ್ಲ್ಯಾಶ್‌ಫ್ಲಾಪಿ ಮಾಡುವುದೂ ಅದನ್ನೇ. ಇಮೇಜ್ ಫೈಲಿನಿಂದ ಸೆಕ್ಟರ್‌ಗಳನ್ನು ಓದಿ, ಆ ಕಂಪ್ಯೂಟರ್ ಎದುರು ನೋಡುವ ರೀತಿಯ ಮಿಡಿತಗಳನ್ನು ಆ ಕ್ಷಣವೇ ತಯಾರಿಸಿ, ನಿಮಿಷಕ್ಕೆ 300 ಸುತ್ತು ತಿರುಗುವ ಡಿಸ್ಕಿನ ಲಯದಲ್ಲೇ ಕಳಿಸುತ್ತದೆ. ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಕಂಪ್ಯೂಟರ್ ಬರೆದಾಗ ಇದೇ ಕೆಲಸ ಉಲ್ಟಾ ನಡೆಯುತ್ತದೆ. ಒಂದು ಸಣ್ಣ ಮೈಕ್ರೋಕಂಟ್ರೋಲರ್ ಇಷ್ಟನ್ನೂ ತಪ್ಪದೆ ಮಾಡುತ್ತದಲ್ಲ, ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್.

ಫರ್ಮ್‌ವೇರ್ ಹಾಕುವುದು ಕಷ್ಟವೇನಲ್ಲ, ಆದರೆ ಮೊದಲ ಸಲ ಸ್ವಲ್ಪ ತಾಳ್ಮೆ ಬೇಕು. ಬೋರ್ಡಿನ ಮೇಲೆ ಬೂಟ್ ಜಂಪರ್ (ಎರಡು ಪಿನ್ ಕೂಡಿಸುವ ಸಣ್ಣ ಟೋಪಿ) ಸೇರಿಸಿ, ಎರಡೂ ಕಡೆ ಯುಎಸ್‌ಬಿ-ಎ ಇರುವ ಕೇಬಲ್ಲಿನಿಂದ ಈಗಿನ ಕಂಪ್ಯೂಟರಿಗೆ ಜೋಡಿಸಿ ಫ್ಲ್ಯಾಶ್ ಮಾಡಬೇಕು, ಅಂದರೆ ಫರ್ಮ್‌ವೇರನ್ನು ಚಿಪ್ಪಿಗೆ ಬರೆಯಬೇಕು. ಸೀರಿಯಲ್ ಅಡಾಪ್ಟರ್ ಇದ್ದರೆ ಅದರಿಂದಲೂ ಆಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಪಿನ್ ಇರುವುದಿಲ್ಲ, ಆಗ ಬೆಸುಗೆ ಹಾಕಬೇಕು. ಒಮ್ಮೆ ಆದರೆ ಮುಗಿಯಿತು. ಮುಂದಿನ ಅಪ್‌ಡೇಟ್‌ಗಳನ್ನು ಪೆನ್ ಡ್ರೈವಿಗೆ ಹಾಕಿ, ಎರಡೂ ಬಟನ್ ಒತ್ತಿಹಿಡಿದು ಪವರ್ ಕೊಟ್ಟರೆ ತಾನೇ ಹಾಕಿಕೊಳ್ಳುತ್ತದೆ. ಫ್ಲ್ಯಾಶ್ ಮಾಡಿಯೇ ಮಾರುವವರೂ ಇದ್ದಾರೆ, ಬೆಸುಗೆ ಬೇಡ ಅನ್ನುವವರು ಅದನ್ನೇ ತೆಗೆದುಕೊಳ್ಳಿ.

ಕೊಳ್ಳುವಾಗ ಒಳಗಿನ ಚಿಪ್ ಯಾವುದು ಅಂತ ಕೇಳಿ. ಹಳೆಯ ಗೋಟೆಕ್‌ಗಳಲ್ಲಿ ಎಸ್‌ಟಿಎಂ32ಎಫ್105 ಇರುತ್ತಿತ್ತು. ಆಮೇಲೆ ಬಂದವುಗಳಲ್ಲಿ ಆರ್ಟರಿ ಕಂಪನಿಯ ಎಟಿ32ಎಫ್415, ಅದರಲ್ಲಿ ರ‍್ಯಾಮ್ ಕಡಿಮೆ. ಎಟಿ32ಎಫ್435 ಇರುವುದು ಸಿಕ್ಕರೆ ಅದನ್ನೇ ಆರಿಸಿ, ರ‍್ಯಾಮ್ ಎಷ್ಟೋ ಪಟ್ಟು ಜಾಸ್ತಿ. ಪೆನ್ ಡ್ರೈವ್‌ಗಳು ಬರೆಯುವಾಗ ನಡುವೆ ಸುಮ್ನೆ ನಿಂತುಬಿಡುವುದುಂಟು. ಕಂಪ್ಯೂಟರ್ ಮಾತ್ರ ಕಾಯುವುದಿಲ್ಲ, ಡಿಸ್ಕ್ ತಿರುಗುತ್ತಲೇ ಇದೆ ಅಂತ ಅದರ ಲೆಕ್ಕ. ಆ ಹೊತ್ತಿನಲ್ಲಿ ಡೇಟಾ ಹಿಡಿದಿಟ್ಟುಕೊಳ್ಳಲಿಕ್ಕೆ ರ‍್ಯಾಮ್ ಬೇಕು. ಬರೀ ಆಟ ಆಡುವವರಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಸಾಕಷ್ಟು ಬರೆಯುವವರಿಗೆ ಮಾತ್ರ ಈ ವ್ಯತ್ಯಾಸ ಮುಖ್ಯ.

ಇನ್ನು ಡಿಸ್‌ಪ್ಲೇ. ಮೂರು ಅಂಕಿಯ ಕೆಂಪು ಡಿಸ್‌ಪ್ಲೇಯಲ್ಲಿ ಬರೀ ನಂಬರ್ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಅದನ್ನು ತೆಗೆದು ಅದೇ ಜಾಗಕ್ಕೆ 0.91 ಇಂಚಿನ ಓಎಲ್ಇಡಿ ಪರದೆ ಹಾಕಿ. ಈ ಒಂದು ಬದಲಾವಣೆ ಬಿಡಲೇಬೇಡಿ. ಫೈಲಿನ ಹೆಸರು, ಈಗ ಯಾವ ಟ್ರ್ಯಾಕ್ ಓದುತ್ತಿದೆ, ಎಲ್ಲವೂ ಕಾಣುತ್ತದೆ. ಒಂದು ಎಚ್ಚರಿಕೆ: ಓಎಲ್ಇಡಿ ಮಾಡ್ಯೂಲ್‌ಗಳಲ್ಲಿ ಪವರ್ ಮತ್ತು ಗ್ರೌಂಡ್ ಪಿನ್ನಿನ ಕ್ರಮ ಎಲ್ಲದರಲ್ಲೂ ಒಂದೇ ಇರುವುದಿಲ್ಲ, ಮೇಲೆ ಬರೆದಿರುವುದನ್ನು ಓದಿ ಆಮೇಲೆ ಜೋಡಿಸಿ. ಬಟನ್ ಬದಲು ತಿರುಗಿಸುವ ನಾಬ್ ಹಾಕಿಕೊಂಡರೆ ಉದ್ದ ಪಟ್ಟಿಯಲ್ಲಿ ಹುಡುಕುವುದು ಸುಲಭ. ಸಣ್ಣ ಪೀಜೋ ಸ್ಪೀಕರ್ ಹಾಕಿದರೆ ಹೆಡ್ ಚಲಿಸುವ ಟಿಕ್ ಟಿಕ್ ಸದ್ದೂ ಬರುತ್ತದೆ, ಅದರ ಜೋರನ್ನು ಕಾನ್ಫಿಗ್ ಫೈಲಿನಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಇದು ಬರೀ ನೆನಪಿನ ಖುಷಿಗಲ್ಲ. ಲೋಡ್ ಆಗುತ್ತಿದೆಯೋ ಸಿಕ್ಕಿಕೊಂಡಿದೆಯೋ ಅಂತ ಪರದೆ ನೋಡದೆ ಕಿವಿಗೇ ತಿಳಿಯುತ್ತದೆ.

ಜೋಡಿಸುವಾಗ ನೋಡಿಕೊಳ್ಳಬೇಕಾದ್ದು ಒಂದಿಷ್ಟು ಇದೆ. ಫ್ಲಾಪಿ ಕೇಬಲ್ಲಿನ ಪಿನ್‌ಗಳ ಲೆಕ್ಕದಲ್ಲಿ ಅಮಿಗಾ, ಅಟಾರಿಗಳು ಶುಗಾರ್ಟ್ ಅನ್ನುವ ರೀತಿ, ಪಿಸಿ ಬೇರೆ ರೀತಿ. 34ನೇ ಪಿನ್ನಿನಲ್ಲಿ ಶುಗಾರ್ಟ್ ಕಡೆ 'ಡ್ರೈವ್ ಸಿದ್ಧ' ಅನ್ನುವ ಸಿಗ್ನಲ್ ಇದ್ದರೆ ಪಿಸಿಯಲ್ಲಿ 'ಡಿಸ್ಕ್ ಬದಲಾಗಿದೆ' ಅನ್ನುವುದು ಇರುತ್ತದೆ. ಫ್ಲ್ಯಾಶ್‌ಫ್ಲಾಪಿಯ ಕಾನ್ಫಿಗ್ ಫೈಲಾದ ಎಫ್‌ಎಫ್.ಸಿಎಫ್‌ಜಿಯಲ್ಲಿ ಒಂದು ಸಾಲು ಬದಲಾಯಿಸಿದರೆ ಸರಿಹೋಗುತ್ತದೆ. ಪಿಸಿಯಲ್ಲಿ ಕೇಬಲ್ಲಿಗೆ ತಿರುವು ಇರುವುದರಿಂದ ಇದು ಎಷ್ಟನೇ ಡ್ರೈವ್ ಅಂತ ಹೇಳುವ ಸೆಲೆಕ್ಟ್ ಜಂಪರನ್ನು ಎಸ್0 ಬದಲು ಎಸ್1ಕ್ಕೆ ಹಾಕಿ. ಕೇಬಲ್ ಉಲ್ಟಾ ಹಾಕಿದರೆ ಡ್ರೈವ್ ಲೈಟು ಆರದೆ ಉರಿಯುತ್ತಲೇ ಇರುತ್ತದೆ, ಆಫ್ ಮಾಡಿ ತಿರುಗಿಸಿ ಹಾಕಿದರೆ ಆಯಿತು. ಆದರೆ ಆಮ್‌ಸ್ಟ್ರಾಡ್ ಸಿಪಿಸಿ 6128 ಇದ್ದವರು ದಯವಿಟ್ಟು ಗಮನವಿಟ್ಟು ಓದಿ. ಅದರ ಡ್ರೈವ್ ಪವರ್ ಕನೆಕ್ಟರಿನಲ್ಲಿ 5 ಮತ್ತು 12 ವೋಲ್ಟ್ ಜಾಗಗಳು ಪಿಸಿಗೆ ಹೋಲಿಸಿದರೆ ಅದಲು ಬದಲು. ಮಲ್ಟಿಮೀಟರ್ ಹಿಡಿದು ನೋಡದೆ ಜೋಡಿಸಿದರೆ ಗೋಟೆಕ್ ಸುಟ್ಟುಹೋಗುತ್ತದೆ. ಅದರ ಮೂರು ಇಂಚಿನ ಡ್ರೈವಿನ ರಬ್ಬರ್ ಬೆಲ್ಟ್ ವಯಸ್ಸಾಗಿ ಕರಗುವ ಜಾತಿಯದ್ದು, ಹಾಗಾಗಿ ಆಮ್‌ಸ್ಟ್ರಾಡ್‌ನವರಿಗೇ ಇದರ ಅಗತ್ಯ ಜಾಸ್ತಿ.

ಪ್ರೋಗ್ರಾಂ ಬರೆಯುವವರಿಗೆ ಗೋಟೆಕ್ ಇನ್ನೂ ದೊಡ್ಡ ಉಪಕಾರ ಮಾಡುತ್ತದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಅಸೆಂಬ್ಲಿ ಕೋಡ್ ಬರೆದು, ವ್ಯಾಸ್ಮ್ ಅನ್ನುವ ಪ್ರೋಗ್ರಾಂನಿಂದ ಯಂತ್ರದ ಕೋಡಿಗೆ ತಿರುಗಿಸಿ, ಅದನ್ನು ಎಡಿಎಫ್ ಇಮೇಜಿಗೆ ಸೇರಿಸಿ, ಪೆನ್ ಡ್ರೈವ್ ಚುಚ್ಚಿ ನಿಜವಾದ ಅಮಿಗಾದಲ್ಲಿ ಓಡಿಸಬಹುದು. ಅಮಿಗಾ ಡಿಸ್ಕಿನ ಮೊದಲ 1024 ಬೈಟ್ ಬೂಟ್‌ಬ್ಲಾಕ್. ಅದರ ಚೆಕ್‌ಸಮ್ (ತಪ್ಪು ಹಿಡಿಯುವ ಮೊತ್ತ) ಸರಿಯಿದ್ದರೆ ಕಂಪ್ಯೂಟರ್ ಅದನ್ನು ಎತ್ತಿಕೊಂಡು ನೇರ ಓಡಿಸುತ್ತದೆ. ಆ ಪುಟ್ಟ ಜಾಗದಲ್ಲಿ ಬಣ್ಣದ ಪಟ್ಟಿಗಳನ್ನು ಪರದೆ ಮೇಲೆ ಓಡಿಸುವುದು ಕಲಿಯಲಿಕ್ಕೆ ತುಂಬಾ ಒಳ್ಳೆಯ ಅಭ್ಯಾಸ. ಪಿಸಿಯಲ್ಲಾದರೆ ಇನ್ನೂ ಸಣ್ಣದು: 512 ಬೈಟಿನ ಬೂಟ್ ಸೆಕ್ಟರ್, ಕೊನೆಯ ಎರಡು ಬೈಟ್ 55 ಮತ್ತು ಎಎ. ಪಿಸಿಯನ್ನು ಶುರು ಮಾಡುವ ಪ್ರೋಗ್ರಾಂ ಬಯಾಸ್ ಅದನ್ನು ಮೆಮೊರಿಯ 7ಸಿ00 ವಿಳಾಸಕ್ಕೆ ತಂದು ಅಲ್ಲಿಗೆ ಜಿಗಿಯುತ್ತದೆ. ಆಪರೇಟಿಂಗ್ ಸಿಸ್ಟಂ ಇಲ್ಲ, ಲೈಬ್ರರಿ ಇಲ್ಲ, ನೀವು ಮತ್ತು ಪ್ರೊಸೆಸರ್ ಇಬ್ಬರೇ. ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಂನಲ್ಲೂ ಇದನ್ನೆಲ್ಲ ಮಾಡಬಹುದು, ಅಲ್ವಾ? ಮಾಡಬಹುದು, ನಾನೂ ಮೊದಲು ಅಲ್ಲೇ ಓಡಿಸಿ ನೋಡುತ್ತೇನೆ. ಆದರೆ ಟೈಮಿಂಗ್ ಬಿಗಿಯಾಗಿರುವ ಕೋಡ್ ನಿಜವಾದ ಚಿಪ್ ಮೇಲೆ, ನಿಜವಾದ ಪರದೆ ಮೇಲೆ ಸರಿಯಾಗಿ ನಿಂತಾಗ ಆಗುವ ಸಂತೋಷವೇ ಬೇರೆ. ಮೊದಲೆಲ್ಲ ಒಂದು ಸಾಲು ತಿದ್ದಿದರೆ ಫ್ಲಾಪಿ ಮತ್ತೆ ಬರೆಯಬೇಕಿತ್ತು. ಈಗ ಒಂದು ಫೈಲ್ ಕಾಪಿ ಮಾಡಿದರೆ ಸಾಕು.

ಕುಂದುಗಳು ಇಲ್ಲ ಅಂತಲ್ಲ. ನಕಲು ತಡೆಯಿರುವ ಹಳೆಯ ಆಟಗಳು ಎಡಿಎಫ್‌ನಲ್ಲಿ ಹಿಡಿಸುವುದಿಲ್ಲ, ಅವನ್ನು ಎಚ್‌ಎಫ್‌ಇ ಅನ್ನುವ ಇನ್ನೊಂದು ಇಮೇಜ್ ಮಾದರಿಗೆ ಬದಲಾಯಿಸಬೇಕು, ಹಾಗೆ ಮಾಡಿದರೂ ಎಲ್ಲವೂ ಓಡುತ್ತವೆ ಅಂತ ಹೇಳಲಾಗದು. ಬರೆದು ಮುಗಿಯುವ ಮೊದಲೇ ಪೆನ್ ಡ್ರೈವ್ ಕಿತ್ತರೆ ಇಮೇಜ್ ಕೆಡುತ್ತದೆ. ಮುಖ್ಯ ಡಿಸ್ಕ್‌ಗಳ ಫೈಲಿಗೆ ರೀಡ್-ಓನ್ಲಿ ಗುರುತು ಹಾಕಿಡಿ, ಫ್ಲ್ಯಾಶ್‌ಫ್ಲಾಪಿ ಅದನ್ನು ನೋಡಿ ಬರೆಯುವುದನ್ನು ತಡೆಯುತ್ತದೆ. ಮತ್ತೆ, ಎಲ್ಲ ಕಂಪ್ಯೂಟರಿಗೂ ಇದು ಬರುವುದಿಲ್ಲ. ಕಮೋಡೋರ್ 64ರ 1541 ಡ್ರೈವ್ ತನ್ನದೇ 6502 ಪ್ರೊಸೆಸರ್ ಇರುವ ಇನ್ನೊಂದು ಕಂಪ್ಯೂಟರ್, ಮಾತಾಡುವುದು ಸೀರಿಯಲ್ ಕೇಬಲ್ಲಿನಲ್ಲಿ. ಆ ಡ್ರೈವಿನ ಬದಲು ಬಳಸುವ ಎಸ್‌ಡಿ2ಐಇಸಿ ಅಥವಾ ಪೈ1541 ನೋಡಿ. ಆಪಲ್ 2, ಹಳೆಯ ಮ್ಯಾಕ್‌ಗಳ ದಾರಿಯೂ ಬೇರೆ.

ಅಮಿಗಾ 500ರಂಥ ಡಬ್ಬಿಯಲ್ಲಿ ಇನ್ನೊಂದು ತೊಡಕಿದೆ. ಡ್ರೈವಿನ ಬಾಯಿಗೂ ಗೋಟೆಕ್‌ನ ಯುಎಸ್‌ಬಿ ಮತ್ತು ಬಟನ್‌ಗೂ ಜಾಗ ಹೊಂದುವುದಿಲ್ಲ. ಇದಕ್ಕೆ ಡಬ್ಬಿ ಕತ್ತರಿಸಿದ ಫೋಟೋಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. 1987ರ ಪ್ಲಾಸ್ಟಿಕ್ ಅದು, ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. 3ಡಿ ಪ್ರಿಂಟ್ ಮಾಡಿದ ಬ್ರಾಕೆಟ್‌ಗಳು ಸಿಗುತ್ತವೆ, ಅದೇ ಸ್ಕ್ರೂ ರಂಧ್ರಗಳಿಗೆ ಕೂರುತ್ತವೆ. ಅದಕ್ಕಾಗಿ ಕಾಯಿರಿ.

ಬಿಚ್ಚಿದ ಹಳೆಯ ಡ್ರೈವ್ ಎಸೆಯಬೇಡಿ. ಹೆಡ್ ಒರೆಸಿ, ಗ್ರೀಸ್ ಬದಲಾಯಿಸಿ, ಧೂಳು ಬೀಳದ ಹಾಗೆ ಎತ್ತಿಡಿ. ನಿಮ್ಮ ಹತ್ತಿರ ಇರುವ ಹಳೆಯ ಫ್ಲಾಪಿಗಳಲ್ಲಿ ಬೇರೆಲ್ಲೂ ಇಲ್ಲದ ಪ್ರೋಗ್ರಾಂ, ಯಾರದೋ ಪತ್ರ, ಯಾರೋ ಬರೆದ ಸಂಗೀತ ಇರಬಹುದು. ಅದನ್ನು ಗೋಟೆಕ್ ಓದಿಕೊಡುವುದಿಲ್ಲ, ನಿಜವಾದ ಹೆಡ್ಡೇ ಬೇಕು. ಅದಕ್ಕೆಂದೇ ಗ್ರೀಸ್‌ವೀಸಲ್ ಇದೆ, ಫ್ಲ್ಯಾಶ್‌ಫ್ಲಾಪಿ ಬರೆದವರದ್ದೇ ಕೆಲಸ ಅದೂ. ಪಿಸಿಯ ಮೂರೂವರೆ ಇಂಚಿನ ಡ್ರೈವನ್ನು ಯುಎಸ್‌ಬಿಗೆ ಜೋಡಿಸಿ, ಫ್ಲಾಪಿಯ ಮಿಡಿತಗಳನ್ನೇ ನೇರವಾಗಿ ಫೈಲಿಗೆ ಇಳಿಸುತ್ತದೆ, ಹಾಗಾಗಿ ಅಮಿಗಾ ಡಿಸ್ಕೂ ಪಿಸಿ ಡ್ರೈವಿನಲ್ಲೇ ಓದಲು ಬರುತ್ತದೆ. ಗೋಟೆಕ್ ತರಿಸುವಾಗಲೇ ಇದನ್ನೂ ತರಿಸಿಕೊಳ್ಳಿ. ಫ್ಲಾಪಿಗಳಿಗೆ ದಿನೇದಿನೇ ವಯಸ್ಸಾಗುತ್ತಿದೆ, ಅವನ್ನು ಮೊದಲು ಇಳಿಸಿಕೊಳ್ಳಿ, ಆಟ ಆಮೇಲೆ.